ದ್ವೀಪದ ಬೀಚು ಯಾವ ದಿಕ್ಕಿಗಿದೆ ಅಂತಾನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಾನು ಮೂಲ ಗದಗ ಕಡೆಯವನು, ವಾಸ್ಕೋಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿನ ಮನೇಲಿ ಎಲ್ಲರೂ ಕಿತ್ತಾಡಿಕೊಂಡು ಓದ್ತೀವಿ. ಹೋದ ವಾರ ರಜೆಗೆ ಹೋಗೋಕೆ ದ್ವೀಪಗಳು ಅಂತ ಒಂದು ಪುಟ ಬಂದಿತ್ತಲ್ಲ, ಫೋಟೋಗಳು ಬಹಳ ಚೆನ್ನಾಗಿದ್ವು. ಆದರೆ ಯಾವ ಬೀಚು ಯಾವ ದಿಕ್ಕಿಗಿದೆ, ನೀರು ಯಾವ ಹೊತ್ತಿಗೆ ಇಳಿಯುತ್ತೆ, ಸಣ್ಣ ಮಕ್ಕಳನ್ನ ಇಳಿಸಬಹುದಾ ಇಲ್ವಾ, ಈ ಬಗ್ಗೆ ಒಂದೇ ಒಂದು ಸಾಲೂ ಇರಲಿಲ್ಲ. ನಾವು ಹಿಂಗೇ ಫೋಟೋ ನೋಡಿ ಹೋಗಿ ಪೆಟ್ಟು ತಿಂದವರು, ಅದಕ್ಕೇ ಬರೀತಿದೀನಿ.

ಗೋವಾದಲ್ಲಿರೋ ನಮಗೆ ಸಮುದ್ರ ಹೊಸದಲ್ಲ. ಡ್ಯೂಟಿ ಮುಗಿಸಿ ಬೈನಾ ಬೀಚಿಗೆ ಹೋಗಿ ಕೂರ್ತೀವಿ, ಊರಿಂದ ನೆಂಟರು ಬಂದ್ರೆ ಬೋಗ್ಮಾಳೋಗೋ ಕೋಲ್ವಾಗೋ ಕರ್ಕೊಂಡು ಹೋಗ್ತೀವಿ. ಇಲ್ಲಿ ಹೆಚ್ಚುಕಮ್ಮಿ ಎಲ್ಲಾ ಬೀಚೂ ಪಶ್ಚಿಮಕ್ಕೇ ಇದಾವೆ, ಎಲ್ಲಿ ಕೂತ್ರೂ ಸೂರ್ಯ ಎದುರಿಗೇ ಮುಳುಗ್ತಾನೆ, ನೀರು ಇಳಿದ್ರೂ ಕಾಲಡಿ ಸಿಗೋದು ಮರಳೇ, ಹಂಗಾಗಿ ಬೀಚಿಗೂ ದಿಕ್ಕು ನೋಡಬೇಕು ಅನ್ನೋದು ನಮ್ಮ ತಲೆಗೆ ಯಾವತ್ತೂ ಬಂದಿರಲಿಲ್ಲ. ದ್ವೀಪ ಹಂಗಲ್ಲ. ನಾಲ್ಕು ಕಡೆ ನೀರು, ನಾಲ್ಕು ಕಡೆ ನಾಲ್ಕು ಥರದ ಬೀಚು.

ಹೋದ ಕ್ರಿಸ್ಮಸ್ ರಜೆಗೆ ಅಂಡಮಾನಿನ ಹ್ಯಾವ್ಲಾಕ್‌ಗೆ ಹೋಗಿದ್ವಿ, 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ನಾನು, ಹೆಂಡತಿ, ಎರಡನೇ ಕ್ಲಾಸಿನ ಮಗಳು, ಅರವತ್ತೆಂಟು ವರ್ಷದ ನಮ್ಮವ್ವ. ಅವ್ವನಿಗೆ ಮೊಣಕಾಲು ನೋವು, ಜಾಸ್ತಿ ನಡೆಯೋಕಾಗಲ್ಲ, ಅದಕ್ಕೆ ರೂಮಿನ ಮುಂದೇನೇ ಬೀಚು ಇರೋ ರೆಸಾರ್ಟ್ ಬೇಕು ಅಂತ ಏಜೆಂಟ್‌ಗೆ ಹೇಳಿದ್ದೆ. ಅವರು ಕಳಿಸಿದ ಫೋಟೋದಲ್ಲಿ ತೆಂಗಿನ ಮರದ ಬುಡಕ್ಕೇ ನೀಲಿ ನೀರು ಬಂದು ತಾಗ್ತಿತ್ತು. ಜಾಗ ವಿಜಯನಗರ ಬೀಚು, ಅಲ್ಲಿಯವರು ಐದನೇ ನಂಬರ್ ಬೀಚು ಅಂತಾರೆ, ದ್ವೀಪದ ಪೂರ್ವದ ಕಡೆ. ನಾವು ಮುಟ್ಟಿದ್ದು ಮಧ್ಯಾಹ್ನ ಮೂರಕ್ಕೆ. ನೋಡ್ತೀವಿ, ನೀರೇ ಇಲ್ಲ! ಬಹಳ ದೂರದವರೆಗೂ ಬರೀ ಕಲ್ಲು, ಸತ್ತ ಹವಳದ ಚೂರು, ನಡುನಡುವೆ ಹಿಮ್ಮಡಿ ಮುಳುಗೋ ಅಷ್ಟು ನೀರು. ಮಗಳು "ಅಪ್ಪಾ, ಸಮುದ್ರ ಎಲ್ಲಿ ಹೋತು?" ಅಂತ ಕೇಳ್ತಾ ಕೇಳ್ತಾನೇ ಟ್ಯೂಬ್ ಹಿಡ್ಕೊಂಡು ಬರಿಗಾಲಲ್ಲಿ ಓಡಿಬಿಟ್ಲು.

ಇಪ್ಪತ್ತು ಹೆಜ್ಜೆನೂ ಹೋಗಿರಲಿಲ್ಲ, ಅಂಗಾಲು ಕೊಯ್ದುಹೋಯ್ತು. ಗಾಯ ಅರ್ಧ ಬೆರಳಿನಷ್ಟು ಉದ್ದ, ಅದರೊಳಗೆ ಹವಳದ ಬಿಳಿ ಪುಡಿ ಹೊಕ್ಕಿಬಿಟ್ಟಿತ್ತು. ನನಗೆ ಕೈಕಾಲೇ ಆಡಲಿಲ್ಲ. ಅಲ್ಲೇ ಎಳನೀರು ಮಾರ್ತಿದ್ದ ಬಂಗಾಳಿ ಅಜ್ಜ ಒಬ್ಬರು ಓಡಿಬಂದು, ಮಗಳ ಕಾಲನ್ನ ತಮ್ಮ ತೊಡೆ ಮೇಲೆ ಇಟ್ಕೊಂಡು, ತಾವು ಕುಡಿಯೋಕೆ ಇಟ್ಕೊಂಡಿದ್ದ ಎರಡು ಬಾಟಲಿ ನೀರನ್ನೂ ಸುರಿದು, ಒಂದೊಂದೇ ಚೂರು ಹೋಗೋವರೆಗೂ ತೊಳೆದ್ರು. ಆಮೇಲೆ ಹಿಂದಿಯಲ್ಲಿ ಹೇಳಿದ್ರು, "ನಿನ್ನೆ ಅಮಾವಾಸ್ಯೆ ಆಯ್ತಲ್ಲ, ಈಗ ಮಧ್ಯಾಹ್ನ ಇಲ್ಲಿ ಇಳೀಬಾರದು, ಬೆಳಿಗ್ಗೆ ಹತ್ತರ ಹೊತ್ತಿಗೆ ಬನ್ನಿ, ನೀರು ಈ ಮರದ ಹತ್ರ ಇರುತ್ತೆ." ಮಾರನೇ ದಿನ ಬಂದು ನೋಡಿದ್ರೆ ಅವರು ಹೇಳಿದಂಗೇ ಇತ್ತು, ಫೋಟೋದಲ್ಲಿದ್ದ ನೀರು ಫೋಟೋದಲ್ಲಿದ್ದ ಜಾಗಕ್ಕೇ ಬಂದಿತ್ತು. ಆದರೆ ಮಗಳ ಕಾಲಿಗೆ ಬ್ಯಾಂಡೇಜು, ನಾಲ್ಕು ದಿನ ಉಪ್ಪುನೀರು ತಾಗಿಸಬೇಡಿ ಅಂದಿದ್ರು ಡಾಕ್ಟರು. ಅವ್ವ ಅಂತೂ "ತಮ್ಮಾ, ಅಮಾಸಿ ಐತಿ ಅಂತ ಕ್ಯಾಲೆಂಡರದಾಗ ನಾನೇ ನೋಡಿದ್ನಲ್ಲೋ, ಅದಕ್ಕೂ ಸಮುದ್ರಕ್ಕೂ ಸಂಬಂಧ ಐತಿ ಅಂತ ನಂಗೇನು ಗೊತ್ತು" ಅಂತ ಎಷ್ಟು ಸಲ ಅಂದ್ರೋ.

ಸಂಬಂಧ ಇದೆ. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ, ಏರಿ ಇಳಿಯೋದರ ನಡುವೆ ಸುಮಾರು ಆರು ಗಂಟೆ, ಮತ್ತೆ ಈ ಟೈಮು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರುತ್ತೆ. ಅಮಾವಾಸ್ಯೆ ಹುಣ್ಣಿಮೆ ಸುತ್ತಮುತ್ತ ಏರೋದೂ ಜಾಸ್ತಿ ಇಳಿಯೋದೂ ಜಾಸ್ತಿ, ಅಷ್ಟಮಿ ಹತ್ರ ಎರಡೂ ಕಮ್ಮಿ. ಹ್ಯಾವ್ಲಾಕಿನ ಪೂರ್ವದ ಕಡೆ ಆಳ ಇಲ್ಲದ ಹವಳದ ದಿಬ್ಬ ಇರೋದ್ರಿಂದ ನೀರು ಸ್ವಲ್ಪ ಇಳಿದ್ರೂ ನೆಲ ಬಯಲಾಗಿಬಿಡುತ್ತೆ. ಏಜೆಂಟ್ ಕಳಿಸಿದ ಫೋಟೋ ಸುಳ್ಳಲ್ಲ, ಯಾವ ಹೊತ್ತಿನ ಫೋಟೋ ಅಂತ ಯಾರೂ ಹೇಳಲಿಲ್ಲ ಅಷ್ಟೇ.

ನಮಗೆ ಬೇಕಾಗಿದ್ದ ಬೀಚು ಅದೇ ದ್ವೀಪದ ಪಶ್ಚಿಮಕ್ಕಿತ್ತು, ರಾಧಾನಗರ, ಏಳನೇ ನಂಬರು. ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಕಾಲಿಗೆ ಮರಳು ಬಿಟ್ರೆ ಬೇರೇನೂ ಸಿಗಲ್ಲ, ನಿಧಾನಕ್ಕೆ ಆಳ ಆಗ್ತಾ ಹೋಗುತ್ತೆ, ಲೈಫ್‌ಗಾರ್ಡ್ ಇರ್ತಾರೆ. 2020ರಲ್ಲಿ ನಮ್ಮ ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ಜೊತೆಗೇ ಇದಕ್ಕೂ ಬ್ಲೂ ಫ್ಲ್ಯಾಗ್, ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚು ಅನ್ನೋ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದೆ. ಅವ್ವ ಅಲ್ಲಿ ಮರದ ನೆರಳಲ್ಲಿ ಕೂತು ಅಲೆ ನೋಡ್ತಾ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಆದರೆ ಮೊದಲನೇ ಸಂಜೆ ಅಲ್ಲೂ ಎಡವಿದ್ವಿ. ಗೋವಾದಲ್ಲಿ ಡಿಸೆಂಬರಲ್ಲಿ ಆರರ ಮೇಲೆ ಸೂರ್ಯ ಮುಳುಗೋದು ಅಲ್ವಾ, ಅದೇ ಲೆಕ್ಕದಲ್ಲಿ ಐದೂವರೆಗೆ ಹೋದ್ರೆ ಕತ್ತಲಾಗ್ತಾ ಬಂದಿತ್ತು. ಅಂಡಮಾನ್ ನಮಗಿಂತ ಅಷ್ಟು ಪೂರ್ವಕ್ಕಿದೆ, ಗಡಿಯಾರ ಮಾತ್ರ ಇಬ್ಬರಿಗೂ ಒಂದೇ, ಆ ತಿಂಗಳಲ್ಲಿ ಅಲ್ಲಿ ಐದರ ಹೊತ್ತಿಗೇ ಸೂರ್ಯ ಮುಳುಗ್ತಾನೆ. ಸೂರ್ಯ ಹುಟ್ಟೋದು ನೋಡಬೇಕಾದ್ರೆ ಕಾಲಾಪತ್ಥರ್ ಬೀಚು, ಅದು ಪೂರ್ವಕ್ಕೆ.

ಇನ್ನೊಂದು ವಿಷಯ, ನೀರು ಇಳಿಯೋದು ಎಲ್ಲಾ ಕಡೆ ಕೆಟ್ಟದ್ದೂ ಅಲ್ಲ. ಪಕ್ಕದ ನೀಲ್ ದ್ವೀಪದಲ್ಲಿ, ಅಂದ್ರೆ ಈಗಿನ ಶಹೀದ್ ದ್ವೀಪದಲ್ಲಿ, ಕಲ್ಲಿನ ಕಮಾನು ಇದೆ, ನೀರು ಇಳಿದಾಗ ಕಲ್ಲಿನ ಮೇಲೆ ನಡ್ಕೊಂಡೇ ಅದರ ಹತ್ರ ಹೋಗಬೇಕು. ಮೊಣಕಾಲು ನೋವಿನವರಿಗೆ ಅದು ಆಗಲ್ಲ. ಅವ್ವನ್ನ ಅಲ್ಲಿನ ಭರತ್‌ಪುರ ಬೀಚಲ್ಲಿ ಗಾಜಿನ ತಳದ ಬೋಟಲ್ಲಿ ಕೂರಿಸಿದ್ವಿ, ಮೀನು ನೋಡಿ "ಅಗ ಅಗಾ" ಅಂತ ಮಗು ಥರ ಖುಷಿಪಟ್ರು.

ಮೊಸಳೆ ವಿಷಯಾನೂ ಪುರವಣಿಲಿ ಬಿಟ್ಟುಹೋಗಿದೆ. ಅಂಡಮಾನಿನ ಕೊಲ್ಲಿಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹತ್ರ ಉಪ್ಪುನೀರಿನ ಮೊಸಳೆ ಇದಾವೆ. 2010ರಲ್ಲಿ ರಾಧಾನಗರದ ಪಕ್ಕದಲ್ಲೇ ಒಬ್ಬ ವಿದೇಶಿ ಪ್ರವಾಸಿ ಮೊಸಳೆಗೆ ಬಲಿಯಾದರು. ಯಾರನ್ನೂ ಹೆದರಿಸೋಕೆ ಹೇಳ್ತಿಲ್ಲ, ಲೈಫ್‌ಗಾರ್ಡ್ ತೋರಿಸಿದ ಜಾಗ ಬಿಟ್ಟು, ಜನ ಇಲ್ಲದ ಮೂಲೆ ಚೆನ್ನಾಗಿದೆ ಅಂತ ಅಲ್ಲಿ ಇಳಿಯೋರು ಇದನ್ನ ತಿಳ್ಕೊಂಡಿರಲಿ ಅಂತ.

ಲಕ್ಷದ್ವೀಪಕ್ಕೂ ಇದೇ ಮಾತು. 2024ರ ಜನವರಿಯಲ್ಲಿ ಪ್ರಧಾನಿ ಹೋಗಿಬಂದ ಮೇಲೆ ನಮ್ಮ ಓಣಿಯಲ್ಲೂ ಎಲ್ಲರೂ ಅಲ್ಲಿಗೇ ಹೊರಟವರೇ. ಅಲ್ಲಿ ಹೆಚ್ಚಿನ ದ್ವೀಪಗಳಿಗೆ ಪಶ್ಚಿಮದ ಕಡೆ ಲಗೂನ್ ಇದೆ, ಸುತ್ತ ಹವಳದ ಗೋಡೆ ಇರೋದ್ರಿಂದ ಒಳಗಿನ ನೀರು ಕೆರೆ ಥರ ಶಾಂತ. ಪೂರ್ವದ ಕಡೆ ಹಂಗಲ್ಲ, ದಡ ಬಿಟ್ರೆ ಬೇಗ ಆಳ ಸಮುದ್ರ. ಮಕ್ಕಳಿದ್ರೆ ಲಗೂನ್ ಕಡೆ ರೂಮು ಹುಡುಕಿ. ಪರ್ಮಿಟ್ ಮೊದಲೇ ಮಾಡಿಸಬೇಕು. ಹಡಗಲ್ಲಿ ಹೋದ್ರೆ ಎಷ್ಟೋ ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರಲ್ಲ, ನಡುನೀರಲ್ಲೇ ಅಲುಗಾಡೋ ಸಣ್ಣ ಬೋಟಿಗೆ ಇಳೀಬೇಕು, ನಮ್ಮವ್ವನಂಥವರಿಗೆ ಅದು ಕಷ್ಟ. ಮಲ್ಪೆಯಿಂದ ಹೋಗೋ ಸೇಂಟ್ ಮೇರೀಸ್ ದ್ವೀಪ ನಮ್ಮದೇ, 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ಇಳಿದಿದ್ದ ಅಂತಾರೆ, ಲಾವಾ ತಣ್ಣಗಾಗಿ ನಿಂತ ಕಲ್ಲಿನ ಕಂಬಗಳನ್ನ ಜೀವನದಲ್ಲಿ ಒಂದ್ಸಲ ನೋಡಲೇಬೇಕು, ಆದರೆ ಅದು ನೋಡೋ ದ್ವೀಪ, ಈಜೋ ದ್ವೀಪ ಅಲ್ಲ, ಉಳಿಯೋಕೆ ರೂಮೂ ಇಲ್ಲ.

ಸಂಪಾದಕರೇ, ಕೇಳ್ಕೊಳ್ಳೋದು ಇಷ್ಟೇ. ಮುಂದಿನ ಸಲ ಬೀಚಿನ ಬಗ್ಗೆ ಬರೆದಾಗ ಫೋಟೋ ಕೆಳಗೆ ಎರಡು ಸಾಲು ಜಾಸ್ತಿ ಹಾಕಿ: ಯಾವ ದಿಕ್ಕಿಗಿದೆ, ಕೆಳಗೆ ಮರಳಾ ಕಲ್ಲಾ, ಲೈಫ್‌ಗಾರ್ಡ್ ಇದಾರಾ, ವಯಸ್ಸಾದವರು ಎಷ್ಟು ದೂರ ನಡೀಬೇಕು. ಮುಂಬೈ ಪತ್ರಿಕೆಗಳು ಮಳೆಗಾಲದಲ್ಲಿ ಉಬ್ಬರದ ಟೈಮು ಹಾಕ್ತಾವೆ, ಸರ್ವೆ ಆಫ್ ಇಂಡಿಯಾದವರು ಪ್ರತಿ ವರ್ಷ ಉಬ್ಬರ ಇಳಿತದ ಪಟ್ಟಿ ಮೊದಲೇ ಪ್ರಿಂಟ್ ಮಾಡ್ತಾರೆ, ಅಂದ್ರೆ ಮಾಹಿತಿ ಇಲ್ಲ ಅಂತೇನಿಲ್ಲ. ಡಿಸೆಂಬರ್, ಏಪ್ರಿಲ್ ರಜೆ ಮುಂಚೆ ಆ ಟೈಮುಗಳನ್ನ ಪುರವಣಿಲಿ ಹಾಕಿದ್ರೆ ಕತ್ತರಿಸಿ ಬ್ಯಾಗಲ್ಲಿ ಇಟ್ಕೊಂಡು ಹೋಗೋರಲ್ಲಿ ನಾನೇ ಮೊದಲಿಗ. ಮಗಳು ಇನ್ನೂ ಹ್ಯಾವ್ಲಾಕ್ ನೀರಿಗೆ ಇಳಿದಿಲ್ಲ, ಇನ್ನೊಂದ್ಸಲ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ.

ಇಂತಿ ನಿಮ್ಮ ಓದುಗ,
ಬೈನಾ, ವಾಸ್ಕೋ, ಗೋವಾ