ಸರಸ್ವತೀಪುರಂ ಮನೆ ಮಾರುವ ಮುನ್ನ: ಮಗಳಿಗೊಂದು ಪತ್ರ

ಚಿ. ಸೌ. ಮಗಳಿಗೆ ಆಶೀರ್ವಾದಗಳು.

ಅಜ್ಜಿ ನಿನ್ನ ಹೆಸರಿಗೆ ಉಯಿಲು ಬರೆದಿಟ್ಟ ಮೈಸೂರಿನ ಬಾಡಿಗೆ ಮನೆಗೆ 90 ಲಕ್ಷ ಕೊಡುವ ಗಿರಾಕಿ ಬಂದಿದ್ದಾರೆ, ಪುಕ್ಕಟೆಯಾಗಿ ಬಂದ ಮನೆಯಾದ್ದರಿಂದ ಅಷ್ಟೂ ಹಣಕ್ಕೆ ತೆರಿಗೆ ಬೀಳುತ್ತದೆಯೇ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಹಾಗೇನೂ ಇಲ್ಲ. ಉಯಿಲಿನಿಂದ ಆಸ್ತಿ ಕೈಸೇರಿದಾಗ ತೆರಿಗೆಯಿಲ್ಲ. ಸತ್ತವರ ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಮಾರಿದಾಗ ಬರುವ ಲಾಭಕ್ಕೆ ಮಾತ್ರ ತೆರಿಗೆ. ಆ ಲಾಭದ ಲೆಕ್ಕದಲ್ಲಿ ನಿನ್ನ ಅಸಲನ್ನು ಸೊನ್ನೆಯೆಂದು ಹಿಡಿಯದೆ, ದುಡ್ಡು ಕೊಟ್ಟು ಕೊಂಡ ತಾತನ ಅಸಲನ್ನೇ ನಿನ್ನದೆಂದು ಕಾನೂನು ಒಪ್ಪುತ್ತದೆ. 1988ರಿಂದ ಅವರೂ ಅಜ್ಜಿಯೂ ಇಟ್ಟುಕೊಂಡಿದ್ದ ಅವಧಿಯೂ ನಿನ್ನದಕ್ಕೆ ಸೇರುವುದರಿಂದ ಇದು ದೀರ್ಘಾವಧಿ ಲಾಭ.

ಕ್ರಯಪತ್ರದಲ್ಲಿರುವ 1.9 ಲಕ್ಷ ನೋಡಿ ಗಾಬರಿಯಾಗಬೇಡ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲೆಂದು ತೋರಿಸಬಹುದು, ಆದರೆ ಅದು ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ್ದ ಅಂದಿನ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ. ನಮ್ಮ ಮನೆಗೆ ಅದು 6 ಲಕ್ಷವಾಗುತ್ತದೆ. ಅಜ್ಜಿ 2012-13ರಲ್ಲಿ ಮಹಡಿಯ ಮೇಲೆ ಕಟ್ಟಿಸಿದ ಎರಡು ಕೋಣೆಗಳ 5 ಲಕ್ಷವೂ ಸೇರುತ್ತದೆ; ಬಾಡಿಗೆದಾರರು ಬದಲಾದಾಗಲೆಲ್ಲ ಹೊಡೆಸಿದ ಸುಣ್ಣ-ಬಣ್ಣ ಸೇರುವುದಿಲ್ಲ.

ನೀನು ಈ ದೇಶದ ನಿವಾಸಿ, ಆಸ್ತಿ ನಿನಗೆ ಬಂದದ್ದು 2022ರಲ್ಲಿ, ಎಂದರೆ 2024ರ ಜುಲೈ 23ಕ್ಕೆ ಮೊದಲು. ಆದ್ದರಿಂದ ಎರಡು ಲೆಕ್ಕಗಳಲ್ಲಿ ಕಡಿಮೆ ಬರುವುದನ್ನು ಕಟ್ಟಿದರೆ ಸಾಕು. ಬೆಲೆಯೇರಿಕೆಗೆ ತಕ್ಕಂತೆ ಹಳೆಯ ಅಸಲನ್ನು ಹೆಚ್ಚಿಸಿ ಲೆಕ್ಕ ಹಾಕಲು ಸರ್ಕಾರ ಪ್ರಕಟಿಸುವ ಹಣದುಬ್ಬರ ಸೂಚ್ಯಂಕ 2025-26ಕ್ಕೆ 376. ಅದರ ಪ್ರಕಾರ ಅಸಲು ಬೆಳೆದು 31.96 ಲಕ್ಷವಾಗುತ್ತದೆ, ಉಳಿದ 58.04 ಲಕ್ಷಕ್ಕೆ ಶೇ. 20ರಂತೆ ಸುಮಾರು 11.6 ಲಕ್ಷ. ಸೂಚ್ಯಂಕ ಬಿಟ್ಟರೆ ಲಾಭ 79 ಲಕ್ಷ, ಶೇ. 12.5ರಂತೆ 9.87 ಲಕ್ಷ ಚಿಲ್ಲರೆ. ಸೂಚ್ಯಂಕವೇ ಯಾವಾಗಲೂ ಲಾಭವೆಂದು ನಾನೂ ನಂಬಿದ್ದೆ. ಬೆಲೆ ಇಷ್ಟೊಂದು ಏರಿದ ಕಡೆ ಅದು ಸುಳ್ಳಾಗುತ್ತದೆ. ಸರ್ಚಾರ್ಜ್, ಸೆಸ್ ಬೇರೆ.

ಬೆಂಗಳೂರಿನಲ್ಲಿ ನೀನು ನೋಡಿರುವ 70 ಲಕ್ಷದ ಫ್ಲ್ಯಾಟನ್ನು ಮಾರಾಟದ ಎರಡು ವರ್ಷದೊಳಗೆ ಕೊಂಡು, 79 ಲಕ್ಷದ ಲಾಭದಲ್ಲಿ ಉಳಿದ 9 ಲಕ್ಷವನ್ನು ಆರು ತಿಂಗಳೊಳಗೆ ಸರ್ಕಾರಿ ಸಂಸ್ಥೆಗಳಾದ ಆರ್‌ಇಸಿ ಅಥವಾ ಪಿಎಫ್‌ಸಿಯ ಐದು ವರ್ಷದ ಬಾಂಡಿನಲ್ಲಿ ಹಾಕಿದರೆ ಈ ತೆರಿಗೆಯೇ ಬೀಳದು. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಫ್ಲ್ಯಾಟಿಗೆ ಖರ್ಚಾಗದ ಹಣವನ್ನು ಬ್ಯಾಂಕಿನಲ್ಲಿ ಕ್ಯಾಪಿಟಲ್ ಗೇನ್ಸ್ ಖಾತೆ ತೆರೆದು ಅದರಲ್ಲೇ ಇಡಬೇಕು. ಸೈಟು ಮಾರಿದಾಗ ನಾನು ಆ ಹಣವನ್ನು ಮಾಮೂಲಿ ಎಫ್‌ಡಿಯಲ್ಲಿಟ್ಟು, ಮನೆ ಕಟ್ಟಿಸುತ್ತೇನೆಂದು ಕಾಯುತ್ತಾ ಗಡುವು ದಾಟಿಸಿಕೊಂಡು, ವಿನಾಯಿತಿ ಕಳೆದುಕೊಂಡೆ.

ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವುದಾಗಿ ದಲ್ಲಾಳಿ ಹೇಳುತ್ತಿದ್ದಾನಂತೆ. ಒಪ್ಪಬೇಡ, ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ. ಕೊಳ್ಳುವವರು ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿದೇ ಕೊಡುತ್ತಾರೆ, ಅದು ನಿನ್ನ ಪ್ಯಾನ್‌ಗೆ ಜಮೆಯಾಯಿತೇ ಎಂದು ನೋಡಿಕೋ.

ಅಜ್ಜಿಯ ಟ್ರಂಕಿನಲ್ಲಿ ಕ್ರಯಪತ್ರದ ಕೆಳಗೆ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಸಿಕ್ಕಿದೆ. ಸಿಮೆಂಟು ಮೂಟೆ, ಕಬ್ಬಿಣ, ಗಾರೆಯವರ ವಾರದ ಬಟವಾಡೆ, ಎಲ್ಲ ಅವರ ಕೈಬರಹದಲ್ಲಿದೆ; ಅಂಗಡಿ ರಸೀದಿಗಳನ್ನು ನಡುನಡುವೆ ಗುಂಡುಸೂಜಿಯಿಂದ ಚುಚ್ಚಿದ್ದಾರೆ. ಅದನ್ನು ಭಾನುವಾರ ನಾನೇ ತರುತ್ತೇನೆ, ಅಲ್ಲಿಯವರೆಗೆ ಮುಂಗಡ ತೆಗೆದುಕೊಳ್ಳಬೇಡ.

ನಿನ್ನ ಅಪ್ಪ