ಗುಂಪು ಪ್ರಾಜೆಕ್ಟಿಗೆ ಕನ್ನಡ ವಿಕಿಪೀಡಿಯ

ಮಾನ್ಯ ಸಂಪಾದಕರೇ,

ಕಾಲೇಜುಗಳಲ್ಲಿ ಗುಂಪು ಪ್ರಾಜೆಕ್ಟ್ ಎಂದರೆ ಹೆಚ್ಚಾಗಿ ಒಬ್ಬರ ದುಡಿಮೆ, ಐವರ ಹೆಸರು. ಅದರ ಬದಲು, 2003ರಿಂದ ಇರುವ ಕನ್ನಡ ವಿಕಿಪೀಡಿಯಕ್ಕೆ ವಿದ್ಯಾರ್ಥಿಗಳು ಸೇರಿ ಒಂದು ಲೇಖನ ಬರೆಯಲಿ. ಅಲ್ಲಿ ಪ್ರತಿ ಪುಟಕ್ಕೂ ಇತಿಹಾಸವಿದೆ. ಯಾರು ಯಾವ ಸಾಲನ್ನು ಯಾವಾಗ ಸೇರಿಸಿದರು, ಅಳಿಸಿದರು ಎಂಬುದು ದಾಖಲಾಗುತ್ತದೆ.

ನನ್ನ ನಾಲ್ವರು ವಿದ್ಯಾರ್ಥಿನಿಯರು ಊರ ಕೆರೆಯ ಬಗ್ಗೆ ಬರೆಯುವಾಗ ‘ಸಾವಿರ ವರ್ಷ ಹಳೆಯದು’ ಎಂಬ ಒಂದೇ ಸಾಲಿಗೆ ಎರಡು ದಿನ ವಾದ ಮಾಡಿದರು. ಕೊನೆಗೆ ಗ್ರಂಥಾಲಯದಲ್ಲಿ ಶಾಸನ ಸಂಪುಟ ತೆರೆದು ನೋಡಿದರು. ಆಧಾರ ಸಿಗಲಿಲ್ಲ, ಬರೆದವಳೇ ಆ ಸಾಲನ್ನು ಅಳಿಸಿದಳು. ಇಂಥ ಕಲಿಕೆ ಯಾವ ಪ್ರಶ್ನೆಪತ್ರಿಕೆಯಿಂದ ಬಂದೀತು?

ವಿಶ್ವವಿದ್ಯಾಲಯಗಳು ಇದಕ್ಕೆ ಆಂತರಿಕ ಅಂಕ ನಿಗದಿಪಡಿಸಲಿ. ಕಾಲೇಜಿನ ಕಂಪ್ಯೂಟರ್ ಕೊಠಡಿ ಸಂಜೆಯೂ ತೆರೆದಿರಲಿ. ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪ್ ಇಲ್ಲ.

– ಕನ್ನಡ ಉಪನ್ಯಾಸಕಿ, ತುಮಕೂರು