ಮೆಣಸಿನಕಾಯಿ ತೆಗೆಸಿದವರಿಗೆ ಥ್ಯಾಂಕ್ಸ್

ನನ್ನ ಆರನೇ ಕಾದಂಬರಿ ಮೊನ್ನೆ ಅಚ್ಚಾಗಿ ಮನೆಗೆ ಬಂತು. ಬೇಲೂರಿನ ಗುಡಿ ಕಟ್ಟುತ್ತಿದ್ದ ಕಾಲದ ಪ್ರೇಮಕಥೆ. ಎರಡು ವರ್ಷ ಸಾಕು ಅಂದುಕೊಂಡಿದ್ದೆ, ನಾಲ್ಕಾಯಿತು. ನಡುವೆ ಬಲಗಣ್ಣಿನ ರೆಟಿನಾ ಆಪರೇಷನ್ ಆಗಿ, ಎರಡು ವಾರ ಮುಖ ಕೆಳಗೆ ಮಾಡಿಕೊಂಡೇ ಇರಿ ಅಂದರು ಡಾಕ್ಟರು.

ಆಗ ಕೈ ಹಿಡಿದವನು ಅಣ್ಣನ ಮಗ. ಕಾಲೇಜು ಮುಗಿಸಿ, ಮೆಟ್ರೋ ಹತ್ತಿ ಬನಶಂಕರಿಗೆ ಬರುತ್ತಿದ್ದ. ನಾನು ದಿಂಬಿಗೆ ಹಣೆ ಒತ್ತಿಕೊಂಡು ಹೇಳುತ್ತಿದ್ದೆ, ಅವನು ಬರೆದುಕೊಳ್ಳುತ್ತಿದ್ದ. ಯಗಚಿ ದಂಡೆಯಲ್ಲಿ ನಾಯಕ ನಾಯಕಿಯ ಕೈ ಹಿಡಿಯುವ ಜಾಗ ಬಂದಾಗ ಪೆನ್ನು ನಿಂತಿತು. "ಅತ್ತೆ, ಇದನ್ನೂ ಬರೀಬೇಕಾ?" ಬರೀಲೇಬೇಕು ಕಣೋ, ಜನ ದುಡ್ಡು ಕೊಡೋದೇ ಅದಕ್ಕೆ ಅಂದೆ.

ಹೊತ್ತೊತ್ತಿಗೆ ಕಣ್ಣಿಗೆ ಡ್ರಾಪ್ಸ್ ಹಾಕಿದ ಯಜಮಾನರಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನಗುತ್ತಾರೆ. ಮನೆಯಲ್ಲೇ ಹೇಳುತ್ತೇನೆ.

ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದ ಸಿಬ್ಬಂದಿ ಹಳೆಯ ಶಾಸನಗಳನ್ನು ಒಟ್ಟುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದ ದಪ್ಪ ಸಂಪುಟವನ್ನು ಎಷ್ಟು ಸಲ ಹೊತ್ತು ತಂದರೋ! ಬೇಲೂರಿನ ಮದನಿಕೆಯರ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅವರ ಮನೆಯ ಹೆಂಗಸರ ಹೆಸರು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಕಥೆ ಹುಟ್ಟಿದ್ದೇ ಅಲ್ಲಿ.

ಇನ್ನು ಪಕ್ಕದ ರಸ್ತೆಯ ಇತಿಹಾಸದ ಮೇಷ್ಟ್ರು. ರಿಟೈರ್ ಆಗಿದ್ದಾರೆ, ಕೆಂಪು ಪೆನ್ನು ಆಗಿಲ್ಲ. ಕರಡು ಓದಿದವರೇ ಕೇಳಿದರು, "ಏನಮ್ಮಾ, 1117ರಲ್ಲಿ ನಿಮ್ಮ ಹುಡುಗಿ ಹಸಿಮೆಣಸಿನಕಾಯಿ ಅರೀತಾಳಲ್ಲ?" ಪೋರ್ಚುಗೀಸರು ಅದನ್ನು ತರುವುದಕ್ಕೆ ಇನ್ನೂ ಸುಮಾರು 400 ವರ್ಷ ಇತ್ತು! ಹುಡುಗಿ ಈಗ ಕರಿಮೆಣಸು ಕುಟ್ಟುತ್ತಾಳೆ.

ಅದು ಸಣ್ಣದು. ನನ್ನ ನಾಯಕ ಅಂಗಳದಲ್ಲಿ ಹತ್ತು ವರ್ಷದಿಂದ ಬಿದ್ದ ಬಳಪದ ಕಲ್ಲನ್ನು ಬೆಣ್ಣೆ ಹಾಗೆ ಕೆತ್ತುತ್ತಿದ್ದ. ಆ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ ಅಂದರು ಮೇಷ್ಟ್ರು. ಸಿಟ್ಟು ಬಂತು, ಸುಳ್ಳು ಯಾಕೆ? ಮೂರು ಅಧ್ಯಾಯ ಹರಿದುಹಾಕಬೇಕಾಯಿತು. ಆದರೆ ಕಲ್ಲು ಗಟ್ಟಿಯಾಗುವ ಮೊದಲು ಅವಳ ಮುಖ ಮುಗಿಸಬೇಕು ಅನ್ನುವ ಅವನ ಅವಸರ ಸಿಕ್ಕಿತು. ಓದಿದವರೆಲ್ಲ ಮೆಚ್ಚಿ ಫೋನ್ ಮಾಡುತ್ತಿರುವುದು ಆ ಜಾಗಕ್ಕೇ. ಅದು ಮೇಷ್ಟ್ರು ಕೊಟ್ಟದ್ದು.

ಭಾನುವಾರ ಅವರಿಗೆ ಪುಸ್ತಕ ಕೊಡಲು ಹೋಗುತ್ತಿದ್ದೇನೆ. ಎರಡನೇ ಮುದ್ರಣಕ್ಕೆ ಏನೇನು ತಿದ್ದಬೇಕು ಅಂತ ಬರೆದುಕೊಳ್ಳಲು ಒಂದು ನೋಟ್‌ಬುಕ್ಕೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.